ಎತ್ತಿಗೆ ಜ್ವರ, ಸರ್ವರಿಗೆ ಬರೆ

ನಮ್ಮ ಕಚೇರಿಗಳ ಕೌಂಟರಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು "ಸರ್ವರ್ ಡೌನ್, ನಾಳೆ ಬನ್ನಿ". ಆ ಸರ್ವರ್ ಎಲ್ಲಿದೆ, ಯಾವಾಗ ಬಿದ್ದಿತು, ಎಬ್ಬಿಸಲು ಯಾರು ಹೋಗಿದ್ದಾರೆ ಎಂದು ಕೇಳಿದವರಿಲ್ಲ. ಗಾಜಿನಾಚೆ ಸ್ವಲ್ಪ ಕತ್ತು ಚಾಚಿದರೆ ಕಥೆಯೇ ಬೇರೆ. ಫೋಲ್ಡರಿನ ಕಿಟಕಿ ಬಿಳಿಚಿಕೊಂಡು ನಿಂತಿದೆ, ನೆತ್ತಿಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದಿದೆ, ನೀಲಿ ಉಂಗುರ ಸುತ್ತುತ್ತಲೇ ಇದೆ. ಕೆಟ್ಟಿರುವುದು ಮೇಜಿನ ಕೆಳಗಿನ ಡಬ್ಬಿ. ಬೈಗುಳ ಮಾತ್ರ ಯಾವುದೋ ಊರಿನಲ್ಲಿ ನೆಟ್ಟಗೆ ಓಡುತ್ತಿರುವ ಸರ್ವರಿಗೆ.

ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದು ತೋರಿಸುವ ಎಕ್ಸ್‌ಪ್ಲೋರರ್‌ಗೆ ಟಾಸ್ಕ್‌ಬಾರ್ ಮತ್ತು ಡೆಸ್ಕ್‌ಟಾಪಿನ ಹೆಚ್ಚುವರಿ ಪ್ರಭಾರವೂ ಇದೆ. ಅದು ಮಲಗಿದರೆ ಮೂರೂ ಮಲಗುತ್ತವೆ. ಆಗ ನಾವು ಕೊಡುವ ಪ್ರಥಮ ಚಿಕಿತ್ಸೆ ರಿಫ್ರೆಶ್. ಮೌಸಿನ ಬಲಗುಂಡಿ, ರಿಫ್ರೆಶ್. ಮತ್ತೆ ಬಲಗುಂಡಿ, ಮತ್ತೆ ರಿಫ್ರೆಶ್. ಐಕಾನ್‌ಗಳು ಒಮ್ಮೆ ಕಣ್ಣು ಮಿಟುಕಿಸಿದರೆ ಯಂತ್ರಕ್ಕೆ ಜೀವ ಬಂತೆಂಬ ಸಮಾಧಾನ. ಅಸಲಿಗೆ ರಿಫ್ರೆಶ್ ಮಾಡುವುದು ಕಡತಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ತೋರಿಸುವುದನ್ನಷ್ಟೇ. ಮೆಮೊರಿ ಎಳ್ಳಷ್ಟೂ ಖಾಲಿಯಾಗುವುದಿಲ್ಲ. ತಮಾಷೆ ಇರುವುದು ಬಲಗುಂಡಿಯಲ್ಲಿ. ಅದನ್ನು ಒತ್ತಿದಾಗ ಇಳಿಯುವ ಪಟ್ಟಿಯಲ್ಲಿ ಜಿಪ್ ತಂತ್ರಾಂಶ, ಆಂಟಿವೈರಸ್, ಪಿಡಿಎಫ್ ಪರಿವರ್ತಕ, ಎಂದೋ ಗುಜರಿಗೆ ಹೋದ ಸ್ಕ್ಯಾನರಿನ ಸಾಫ್ಟ್‌ವೇರ್, ಎಲ್ಲವೂ ಯಾರನ್ನೂ ಕೇಳದೆ ಹೆಸರು ಸೇರಿಸಿಕೊಂಡಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಓಡುವುದು ಎಕ್ಸ್‌ಪ್ಲೋರರ್‌ನ ಒಳಗೇ. ಒಂದು ಎಡವಿದರೂ ಇಡೀ ಎಕ್ಸ್‌ಪ್ಲೋರರ್ ನೆಲಕ್ಕೆ. ರಿಫ್ರೆಶ್‌ಗೆಂದು ಒತ್ತುವ ಗುಂಡಿಯೇ ಎಷ್ಟೋ ಸಲ ರೋಗದ ಮೂಲ.

ಇದನ್ನೆಲ್ಲ ಕವಡೆ ಹಾಕಿ ತಿಳಿಯಬೇಕಿಲ್ಲ. ಕುಸಿದಾಗ ಯಂತ್ರ ಲಿಖಿತ ಹೇಳಿಕೆಯನ್ನೇ ಕೊಡುತ್ತದೆ. ವಿಂಡೋಸ್‌ನಲ್ಲೇ ಇರುವ ರಿಲಯಬಿಲಿಟಿ ಮಾನಿಟರ್ ತೆರೆದರೆ ಕುಸಿತಗಳಿಗೆ ದಿನವಾರು ಕೆಂಪು ಗುರುತುಗಳು, ಯಂತ್ರದ ಸ್ಥಿರತೆಗೆ 1ರಿಂದ 10ರೊಳಗೆ ಅಂಕ. ಯಂತ್ರದ ದಿನಚರಿಯಾದ ಈವೆಂಟ್ ವ್ಯೂವರ್‌ನಲ್ಲಿ ಬಿದ್ದ ಪ್ರೋಗ್ರಾಮಿನ ಹೆಸರು ಒಂದು ಸಾಲಿನಲ್ಲಿ, ಬೀಳುವಾಗ ಓಡುತ್ತಿದ್ದ ಮಾಡ್ಯೂಲ್, ಅಂದರೆ ತಂತ್ರಾಂಶದ ತುಣುಕು, ಇನ್ನೊಂದು ಸಾಲಿನಲ್ಲಿ. ಆ ಎರಡನೆಯ ಸಾಲಿನಲ್ಲಿ ಹಲವು ಬಾರಿ ಕಳ್ಳ ಸಿಕ್ಕಿಬೀಳುತ್ತಾನೆ. ಓದುವವರು ಯಾರು? ಕಡತದ ಟಿಪ್ಪಣಿಯನ್ನೇ ಓದದೆ ಸಹಿ ಬೀಳುವ ಕಡೆ ಕಂಪ್ಯೂಟರಿನ ಟಿಪ್ಪಣಿಗೆ ಯಾವ ಬೆಲೆ!

ಬ್ರೌಸರಿನ ಪ್ರಕರಣದಲ್ಲಿ ನಿವೃತ್ತರ ಸಮಸ್ಯೆಯೂ ಸೇರಿದೆ. ಹೆಸರಿನಲ್ಲಷ್ಟೇ ಎಕ್ಸ್‌ಪ್ಲೋರರ್‌ನ ನೆಂಟನಾದ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ (ಐಇ) ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಹಾರ ಹಾಕಿ ಕಳುಹಿಸಿತು. ಹಾಗೆಂದು ಮನೆಗೆ ಹೋಯಿತೇ? ಅದರ ಜಾಗಕ್ಕೆ ಬಂದ ಎಡ್ಜ್ ಬ್ರೌಸರಿನೊಳಗೆ 'ಐಇ ಮೋಡ್' ಎಂಬ ಹೆಸರಿನಲ್ಲಿ ಕನಿಷ್ಠ 2029ರವರೆಗೆ ಗುತ್ತಿಗೆ ಸೇವೆ ಮುಂದುವರಿದಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು, ಅದರಲ್ಲಿ ಕ್ರೋಮ್ 109ನೇ ಆವೃತ್ತಿಗೆ ನಿಂತುಬಿಟ್ಟಿತು. ಆದರೂ ಅಂಥ ಯಂತ್ರದ ಮುಂದೆ ಕುಳಿತು ಹೊಸ ಪೋರ್ಟಲ್ ತೆರೆಯಲಿಲ್ಲವೆಂದು ಹಣೆ ಚಚ್ಚಿಕೊಳ್ಳುವವರಿದ್ದಾರೆ. ಹೊಸ ಯಂತ್ರದಲ್ಲೂ ಬ್ರೌಸರ್ ಬೀಳುತ್ತಿದ್ದರೆ ನೋಡಿದ ತಾಣಗಳ ಚರಿತ್ರೆ ಉಳಿಸದ ಇನ್‌ಕಾಗ್ನಿಟೋ ಕಿಟಕಿ ತೆರೆದು ನೋಡಬೇಕು. ನಾವು ಅನುಮತಿ ಕೊಡದ ಹೊರತು ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಶನ್‌ಗಳು ಅಲ್ಲಿ ಓಡುವುದಿಲ್ಲ. ಅಲ್ಲಿ ನೆಟ್ಟಗಿದ್ದರೆ ಅವುಗಳಲ್ಲೇ ಒಂದರ ಕೈವಾಡ ಇರಬಹುದು. ಕಚೇರಿಯಲ್ಲಿ ಆ ಕಪ್ಪು ಕಿಟಕಿ ತೆರೆದರೆ ಪಕ್ಕದ ಮೇಜಿನವರು ಬೇರೆಯೇ ಅರ್ಥ ಕಲ್ಪಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಎಕ್ಸ್‌ಪ್ಲೋರರ್, ಬ್ರೌಸರ್ ಎರಡೂ ಒಟ್ಟಿಗೆ ಬೀಳುತ್ತಿದ್ದರೆ ಮೆಮೊರಿಯ ಪಟ್ಟಿಯಾದ ರ‍್ಯಾಮ್, ಪರದೆಯ ಚಿತ್ರ ನಡೆಸುವ ಗ್ರಾಫಿಕ್ಸ್ ಡ್ರೈವರ್ ಅಥವಾ ಕಾವಿನ ಮೇಲೆ ಅನುಮಾನ ಪಡಬೇಕು. ಡಬ್ಬಿಯನ್ನು ಮುಟ್ಟಿದವರು ಯಾರು? ಆಯುಧಪೂಜೆಯಂದು ಹಚ್ಚಿದ ಕುಂಕುಮ ಇನ್ನೂ ಹಾಗೇ ಇದೆ, ಗಾಳಿಯಾಡಬೇಕಾದ ಜಾಲರಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು ಧೂಳಿನೊಂದಿಗೆ ಮೆತ್ತಿಕೊಂಡಿದೆ.

ಕೊನೆಗೆ ರಿಪೇರಿಯವನು ಬರುತ್ತಾನೆ. ರ‍್ಯಾಮ್ ಕಿತ್ತು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹೊಂಬಣ್ಣದ ಅಂಚನ್ನು ಉಜ್ಜಿ ಮತ್ತೆ ಸಿಕ್ಕಿಸುತ್ತಾನೆ. (ಈ ಚಿಕಿತ್ಸೆ ಕೆಲವೊಮ್ಮೆ ನಿಜಕ್ಕೂ ಫಲಿಸುತ್ತದೆ ಎಂಬುದೇ ವಿಡಂಬನೆ ಬರೆಯುವವರ ದುರದೃಷ್ಟ.) ಫಲಿಸದಿದ್ದರೆ ಫಾರ್ಮ್ಯಾಟ್. ಅರ್ಜಿಗಳು, ಸ್ಕ್ಯಾನ್ ಮಾಡಿದ ಪಹಣಿಗಳು, ಯಾರದೋ ಮಗನ ಮದುವೆಯ ಫೋಟೋಗಳು, ಎಲ್ಲಕ್ಕೂ ಒಟ್ಟಿಗೆ ಮೋಕ್ಷ. ಬಳಿಕ ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಅದೇ ಜಿಪ್ ತಂತ್ರಾಂಶ, ಅದೇ ಪಿಡಿಎಫ್ ಪರಿವರ್ತಕ, ಗುಜರಿಗೆ ಹೋದ ಅದೇ ಸ್ಕ್ಯಾನರಿನ ಸಾಫ್ಟ್‌ವೇರನ್ನು ಸಾಲಾಗಿ ಹಾಕುತ್ತಾನೆ, ಬಿಲ್ಲಿಗೆ ಸಹಿ ಪಡೆಯುತ್ತಾನೆ, ಹೊರಡುವ ಮುನ್ನ ಬಲಗುಂಡಿ ಒತ್ತಿ ನಾಲ್ಕು ಸಲ ರಿಫ್ರೆಶ್ ಮಾಡುತ್ತಾನೆ.