ಯಾವ ನೀರು ಅಂತ ಹೇಳಿ ಮೊದಲು

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಿ ನಿಂತರೆ ಸಾಕು, ಯಾರಾದರೂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಟೈರ್ ಬದಲಾಯಿಸುವಾಗ ಒಬ್ಬರೂ ಬರುವುದಿಲ್ಲ. ಟೈರಿಗೆ ಕೈ ಹಾಕಬೇಕಾಗುತ್ತಲ್ಲ. ಬಾನೆಟ್ಟಿಗಾದರೆ ಬಾಯಿ ಸಾಕು. ಮೊನ್ನೆ ನಾನು ಇಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ. ಮೇಲಿನ ಮಹಡಿಯ ಯಜಮಾನರು ಬಂದರು. "ಇದಕ್ಕೆಲ್ಲ ದುಡ್ಡು ಕೊಟ್ರಾ? ನೀರು ಹಾಕಿ ಸಾರ್, ನೀರು. ನಾವೆಲ್ಲ ನೀರಲ್ಲೇ ಓಡಿಸಿದ್ದು."

ಯಾವ ನೀರು? ಇದೊಂದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ಅದು ಕೈಕೊಟ್ಟರೆ ಟ್ಯಾಂಕರಿನದ್ದು. ಗೀಸರ್ ಬಿಚ್ಚಿಸಿದರೆ ಕಾಯಿಲ್ ಮೇಲೆ ಬಿಳಿ ಸುಣ್ಣ ದಪ್ಪಕ್ಕೆ ಕಟ್ಟಿರುತ್ತದೆ. ಈ ನೀರಿನಿಂದ ಕೂದಲು ಉದುರುತ್ತಿದೆ ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಕೂಗಾಡಿದವರು ಇದೇ ಯಜಮಾನರು. ಅವರ ತಲೆಗೆ ಆಗದ ನೀರು ನನ್ನ ಕಾರಿನ ಇಂಜಿನ್ನಿನ ತಲೆಗೆ, ಅದೇ ಸಿಲಿಂಡರ್ ಹೆಡ್ಡಿಗೆ, ಆಗುತ್ತದಂತೆ!

ನೀರಿನ ಪರವಾಗಿ ಹೇಳೋಕೆ ಏನೂ ಇಲ್ಲ ಅಂತಲ್ಲ. ಶಾಖ ಹೊರುವುದರಲ್ಲಿ ಕೂಲೆಂಟಿನಲ್ಲಿರುವ ಗ್ಲೈಕಾಲ್ ಎಂಬ ದ್ರವಕ್ಕಿಂತ ಬರೀ ನೀರೇ ಮುಂದೆ. ಎಷ್ಟೋ ರೇಸ್ ಟ್ರ್ಯಾಕುಗಳಲ್ಲಿ ಗ್ಲೈಕಾಲ್ ಹಾಕಲು ಬಿಡುವುದೇ ಇಲ್ಲ, ಚೆಲ್ಲಿದರೆ ಹಿಂದೆ ಬರುವವನು ಜಾರುತ್ತಾನೆ ಅಂತ. ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ ಎಂದು ಕೂಲೆಂಟಿನವರು ಬೀಗುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಾರು ಕಂಡುಹಿಡಿದ ಬೆಂಜ್ ಅದಕ್ಕೆ ಪೇಟೆಂಟ್ ಕೇಳಿದ್ದೇ 1886ರಲ್ಲಿ. ಯಜಮಾನರು ಹೀಗೆ ವಾದಿಸಿದ್ದರೆ ಅರ್ಧ ಒಪ್ಪಿಬಿಡುತ್ತಿದ್ದೆ. ಅವರು ಹೇಳಿದ್ದು "ನಾವೆಲ್ಲ" ಅಂತ.

ನಮ್ಮ ದೊಡ್ಡಪ್ಪನೂ ನೀರಲ್ಲೇ ಓಡಿಸಿದವರು. ಪುತ್ತೂರು ಕಡೆಯ ತೋಟದ ಮನೆ, ಅಂಗಳದಲ್ಲಿ ಅಂಬಾಸಿಡರ್. ಅದಕ್ಕೆ ಬಾವಿ ನೀರೂ ಆಗದು. ಮಾಡಿನಿಂದ ಇಳಿಯುವ ಮಳೆನೀರೇ ಬೇಕು. ಅದೂ ಮೊದಲ ಮಳೆಯದ್ದಲ್ಲ, ಮಾಡಿನ ಕೊಳೆಯೆಲ್ಲ ತೊಳೆದು ಹೋದ ಮೇಲಿನದ್ದು. ಹಂಡೆಗೆ ಹಿಡಿದು, ಹಳೆ ಪಂಚೆಯಲ್ಲಿ ಸೋಸಿ, ಕ್ಯಾನಿಗೆ ತುಂಬಿ, ಮೇಲೆ "ಕಾರಿನದ್ದು" ಎಂದು ಬರೆದು ಇಡುತ್ತಿದ್ದರು. ಬಾಯಾರಿದ ನೆಂಟರು ಆ ಕ್ಯಾನಿಗೆ ಕೈ ಹಾಕಿದರೆ ಮುಗೀತು.

ಹಾಸನದಲ್ಲಿ ನಮ್ಮ ಅತ್ತೆಯ ಮಗಳ ಮದುವೆ. ದೊಡ್ಡಪ್ಪ ಸೋದರಮಾವ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು. ಬೆಳಗಿನ ಜಾವವೇ ಹೊರಟೆವು. ಗುಂಡ್ಯದಲ್ಲಿ ಚಹಾ ಆಯಿತು. ಶಿರಾಡಿ ಘಾಟಿಯ ನಡುವೆ ಬಾನೆಟ್ಟಿನಿಂದ ಹಬೆ ಎದ್ದಿತು. ದೊಡ್ಡಪ್ಪ ಇಳಿದು ಎಲೆಅಡಿಕೆ ಹಾಕಿಕೊಂಡು ಕಲ್ಲಿನ ಮೇಲೆ ಕುಳಿತರು. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಬ್ಲಾಕ್ ಬಿರುಕು ಬಿಡುತ್ತದೆ, ಅದು ಆರಬೇಕು. ಮುಹೂರ್ತ ಕಾಯುವುದಿಲ್ಲ ಎಂದು ದೊಡ್ಡಮ್ಮ ಗೊಣಗಿದರು. ಲಾರಿಯೊಂದು ನಿಂತಿತು. ಕ್ಲೀನರ್ ಹುಡುಗ ಕೊಡಪಾನ ಹಿಡಿದು ಬಂದ.

"ಎಲ್ಲಿಯ ನೀರು?"

"ಇಲ್ಲೇ, ಕೆಂಪುಹೊಳೆದು."

"ಬೇಡ." ಹಿಂದಿನ ದಿನದ ಮಳೆಗೆ ಹೊಳೆ ಕದಡಿತ್ತು.

"ಅಯ್ಯೋ, ಅದು ಕುಡಿಲಿಕ್ಕಲ್ಲ, ಕಾರಿಗೆ ಅಲ್ವಾ?" ಎಂದರು ದೊಡ್ಡಮ್ಮ.

"ಕುಡಿಲಿಕ್ಕಾದ್ರೆ ಆಗ್ತಿತ್ತು."

ಕೊನೆಗೆ ಒದ್ದೆ ಗೋಣಿ ಹೊದಿಸಿ ರೇಡಿಯೇಟರ್ ಮುಚ್ಚಳ ತೆಗೆದು, ಇಂಜಿನ್ ಚಾಲೂ ಇಟ್ಟು, ಕ್ಯಾನಿನ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದರು. ಮಾರನಹಳ್ಳಿ ಹತ್ತಿರ ಮತ್ತೆ ಹಬೆ, ಮತ್ತೆ ಎಲೆಅಡಿಕೆ. ಹಾಸನ ಮುಟ್ಟುವಾಗ ಮೊದಲ ಪಂಕ್ತಿ ಎದ್ದು ಕೈ ತೊಳೆಯುತ್ತಿತ್ತು. ಚಿಕ್ಕಪ್ಪ ರಾತ್ರಿ ಬಸ್ಸಿಗೇ ಹೋಗಿದ್ದರು. ಅವರೂ ಸೋದರಮಾವನೇ ತಾನೇ? ಹುಡುಗಿಯನ್ನು ಕರೆತಂದು, ಧಾರೆ ಮುಗಿಸಿ, ಹೊಸ ಶಲ್ಯ ಹೊದ್ದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ದೊಡ್ಡಪ್ಪ ಅದನ್ನೂ ನುಂಗಿಕೊಂಡರು. ಆದರೆ ಚಿಕ್ಕಪ್ಪ ಬಾಯಿ ಮುಚ್ಚಿಕೊಂಡಿರಬಾರದೇ? "ನಮ್ಮ ಬಸ್ಸಿಗೂ ಘಾಟಿಯಲ್ಲಿ ಹೊಳೆ ನೀರೇ ಹೊಯ್ದದ್ದು, ಏನೂ ಆಗ್ಲಿಲ್ಲಪ್ಪ" ಎಂದುಬಿಟ್ಟರು. ಅಣ್ಣತಮ್ಮಂದಿರ ಮಾತು ನಿಂತಿದ್ದು ಇದಕ್ಕೇ. ಆಸ್ತಿಗೆ ಎಂದು ಊರವರು ತಿಳಿದುಕೊಂಡಿದ್ದಾರೆ.

ಹಾಗಾಗಿ "ನಾವೆಲ್ಲ ನೀರಲ್ಲೇ ಓಡಿಸಿದ್ದು" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇವರು ಓಡಿಸಿದ್ದು ಎರಕದ ಕಬ್ಬಿಣದ ಇಂಜಿನ್. ಈಗಿನ ಹೆಡ್ಡು ಅಲ್ಯೂಮಿನಿಯಂ. ಡಬ್ಬಿಯಲ್ಲಿ ನನಗೆ ಬೇಕಾಗಿರುವುದು ಮೈನಸ್ 37 ಅಲ್ಲ, ತುಕ್ಕು ಹಿಡಿಯದಂತೆ, ಅಲ್ಯೂಮಿನಿಯಂ ಸವೆಯದಂತೆ ತಡೆಯುವ ಆ ಒಂಚೂರು ಮದ್ದು. ಇನ್ನು ಕೆಲವು ಮೆಕ್ಯಾನಿಕ್‌ಗಳಿದ್ದಾರೆ. ಗಾಡಿ ಹೀಟ್ ಆಗುತ್ತಿದೆ ಎಂದರೆ, "ನಮ್ಮೂರಿಗೆ ಥರ್ಮೋಸ್ಟ್ಯಾಟ್ ಯಾಕೆ ಸಾರ್" ಎಂದು, ಇಂಜಿನ್ನಿನ ಬಿಸಿ ನೋಡಿಕೊಂಡು ಕೂಲೆಂಟ್ ಹರಿಯಬಿಡುವ ಆ ವಾಲ್ವನ್ನೇ ಕಿತ್ತು ಕೈಗಿಡುತ್ತಾರೆ. ಜ್ವರ ಯಾಕೆ ಬಂತು ಎಂದು ನೋಡದೆ ಥರ್ಮಾಮೀಟರ್ ಒಡೆದ ಹಾಗೆ.

ಕೂಲೆಂಟ್ ಮಾರುವವರೂ ಸಾಚಾ ಅಲ್ಲ ಬಿಡಿ. ರೆಡಿಮಿಕ್ಸ್ ಎಂದು ಕೊಡುವ ಕೆಲವು ಡಬ್ಬಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಬಣ್ಣದ ಕಥೆಯಂತೂ ಕೇಳಲೇಬೇಡಿ. ಹಸಿರು, ಕೆಂಪು, ನೀಲಿ, ಗುಲಾಬಿ. ಯಾವ ಬಣ್ಣಕ್ಕೆ ಯಾವ ಮದ್ದು ಎಂಬ ನಿಯಮವೇ ಇಲ್ಲ, ಒಂದೊಂದು ಕಂಪನಿಗೆ ಒಂದೊಂದು. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಹಸಿರು ಖಾಲಿ. "ಕೆಂಪು ತಗೊಳ್ಳಿ, ಎಲ್ಲಾ ಒಂದೇ" ಎಂದರು. ಪಕ್ಕದ ಅಂಗಡಿಯಲ್ಲಿ ಕೇಳಿದರೆ, "ಅಯ್ಯೋ, ಬೆರೆಸಬೇಡಿ, ಒಳಗೆ ಗಂಜಿ ಥರ ಕಟ್ಟಿಕೊಳ್ಳುತ್ತೆ. ಬಣ್ಣ ನೋಡ್ಬೇಡಿ, ಕಾರಿನ ಪುಸ್ತಕ ನೋಡಿ" ಎಂದರು. ಮನೆಗೆ ಬಂದು ಪುಸ್ತಕ ಹುಡುಕಿ ತೆಗೆದೆ. ಅಧಿಕೃತ ಡೀಲರನ್ನು ಸಂಪರ್ಕಿಸಿ ಎಂದಿತ್ತು.