‘ಹೋಗ್ಲಿ ಬಿಡು’ ಅನ್ನದೆ ಕೂತವರು

ಮೊನ್ನೆ ಅಮ್ಮನ ವರ್ಷದ ತಿಥಿಗೆ ಊರಿಗೆ ಹೋಗಿದ್ದೆ. ಕಾಸರಗೋಡಿನಿಂದ ಮಂಗಳೂರು, ಅಲ್ಲಿಂದ ಚಾರ್ಮಾಡಿ ಹತ್ತಿ ಕಡೂರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ಎಡೆ ಇಟ್ಟು, ಊಟ ಮುಗಿಸಿ, ಜಗಲಿ ಮೇಲೆ ಎಲೆ ಅಡಿಕೆ ತಟ್ಟೆ ಮುಂದೆ ಕೂತಿದ್ದಾಗ ಚಿಕ್ಕಪ್ಪ ಕೇಳಿದರು, "ಈಗ ನಿದ್ದೆ ಬರುತ್ತೇನೋ?" ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರುತ್ತೆ ಚಿಕ್ಕಪ್ಪ, ಕೌನ್ಸೆಲಿಂಗ್‌ಗೆ ಹೋಗ್ತಾ ಇದ್ದೀನಿ, ಅಲ್ಲಿ ಮಾತಾಡ್ತೀನಿ, ಚಿತ್ರ ಬಿಡಿಸ್ತೀನಿ, ಈಗ ಎಷ್ಟೋ ಹಗುರ ಅಂದೆ. ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಅವರು ಹಾಗೇ ಕೆಳಗಿಟ್ಟರು. "ಮನೆ ವಿಷಯ ಹೊರಗಿನವರ ಮುಂದೆ, ಅದೂ ದುಡ್ಡು ಕೊಟ್ಟು ಹೇಳ್ಕೊಂಡು ಬರ್ತೀಯಾ? ನಾವೆಲ್ಲ ಏನು ಸತ್ತುಹೋಗಿದ್ವಾ?"

ಆ ಮಾತು ಇನ್ನೂ ಚುಚ್ಚುತ್ತಿದೆ. ಯಾಕಂದ್ರೆ ಮೊದಲು ಅವರಿಗೇ ಹೇಳಿದ್ದೆ. ಎಲ್ಲರಿಗೂ ಹೇಳಿದ್ದೆ.

2020ರ ಏಪ್ರಿಲ್‌ನಲ್ಲಿ ಅಮ್ಮ ಹೋದಾಗ ನಾನು ಇಲ್ಲೇ, ಕಾಸರಗೋಡಿನಲ್ಲೇ ಇದ್ದೆ. ಲಾಕ್‌ಡೌನ್. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಬಿದ್ದಿತ್ತು. ಹಿರಿಮಗ ನಾನು, ಬೆಂಕಿ ಇಟ್ಟವನು ತಮ್ಮ. ಯಾರೋ ಫೋನ್ ಎತ್ತಿ ಹಿಡಿದಿದ್ದರು, ನಾನು ಇಲ್ಲಿ ಅಡುಗೆಮನೆಯ ಕಟ್ಟೆ ಹತ್ತಿರ ನಿಂತು ವಿಡಿಯೋದಲ್ಲಿ ನೋಡಿದೆ. ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತಿತ್ತು. ಕೊನೆಗೆ ಪೂರ್ತಿ ಹೋಯಿತು.

ಆಮೇಲೆ ಫೋನ್ ಮಾಡಿದಾಗೆಲ್ಲ ಹೇಳಲು ನೋಡಿದೆ. ಚಿಕ್ಕಪ್ಪ ಅಂದರು, "ಹೋಗ್ಲಿ ಬಿಡು, ನಿನ್ನ ಕೈಲೇನಿತ್ತು?" ಅತ್ತೆ ಅಂದರು, "ಪುಣ್ಯವಂತೆ ಕಣೋ, ನರಳದೆ ಹೋದ್ಲು." ಗೆಳೆಯನೊಬ್ಬ ಯೋಚನೆ ಮಾಡಬೇಡ, ಕೆಲಸದ ಕಡೆ ಗಮನ ಕೊಡು ಅಂದ. ಇನ್ನೊಬ್ಬರು ಯಾವ ದೇವಸ್ಥಾನಕ್ಕೆ ಹೋಗಿ ಏನು ಮಾಡಿಸಬೇಕು ಅಂತ ಹೇಳಿದರು. ಎಲ್ಲರೂ ನನ್ನ ಮೇಲೆ ಜೀವ ಇಟ್ಟವರೇ. ಆದರೆ ನಾನು ಎರಡನೇ ಮಾತು ಮುಗಿಸುವ ಮೊದಲೇ ಅವರ ಉತ್ತರ ಬಂದಿರುತ್ತಿತ್ತು. ಮೂರನೇ ಮಾತು ಹೇಳಲು ಯಾರೂ ಬಿಡಲಿಲ್ಲ. ನನ್ನ ಸಂಕಟ ಇದ್ದದ್ದು ಆ ಮೂರನೇ ಮಾತಿನಲ್ಲಿ.

ನಾಲ್ಕು ವರ್ಷ ಹಾಗೇ ಕಳೆಯಿತು. ಬ್ಯಾಂಕ್, ಮನೆ, ಮಕ್ಕಳ ಪರೀಕ್ಷೆ. ರಾತ್ರಿ ಎರಡಕ್ಕೆ ಎಚ್ಚರ. ದಾರಿ ತೋರಿಸಿದವರು ಪಕ್ಕದ ಮನೆಯ ಚೇಚಿ. ಒಂದು ದಿನ ಬಸ್ ಸ್ಟಾಪಿನಲ್ಲಿ ಎಲ್ಲಿಗೆ ಹೊರಟಿರಿ ಅಂತ ಸುಮ್ನೆ ಕೇಳಿದೆ. ಕೌನ್ಸೆಲಿಂಗ್‌ಗೆ, ಗಂಡ ತೀರಿಕೊಂಡ ಮೇಲೆ ತಿಂಗಳಿಗೆರಡು ಸಲ ಹೋಗ್ತೀನಿ ಅಂದರು. ಅಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ರೇಷನ್ ಅಂಗಡಿಗೆ ಹೊರಟ ಹಾಗೆ ಹೇಳಿದರು, ದನಿ ಕೂಡ ತಗ್ಗಿಸಲಿಲ್ಲ. ನಾನು ಹದಿಮೂರು ವರ್ಷದಿಂದ ಈ ಊರಲ್ಲಿದ್ದೇನೆ, ಮಲಯಾಳ ಕಲಿತಿದ್ದೇನೆ, ಕುಚ್ಚಲಕ್ಕಿಗೂ ಒಗ್ಗಿದ್ದೇನೆ. ಆದರೆ ಈ ಊರಿನ ಮೇಲೆ ನಿಜವಾದ ಗೌರವ ಬಂದದ್ದು ಅವತ್ತೇ.

ಮೊದಲು ಹೋದ ಕೌನ್ಸೆಲರ್ ಹತ್ತಿರ ಮಾತೆಲ್ಲ ಮಲಯಾಳದಲ್ಲಿ. ಅವರು ಒಳ್ಳೆಯವರು, ತಾಳ್ಮೆಯಿಂದ ಕೂತರು. "ವಿಷಮಂ ಉಂಡೋ?" ಅಂತ ಕೇಳಿದರು. ಬೇಜಾರಿದೆಯಾ ಅಂತ ಅದರರ್ಥ, ನನಗೂ ಗೊತ್ತು. ಆದರೆ ವಿಷಮ ಅಂದ ಕೂಡಲೇ ನನ್ನ ಕಿವಿಗೆ ಕಡೂರಿನ ವಿಷಮ ಕೇಳಿಸಿತು, ಕಾಯಿಲೆ ವಿಷಮಿಸಿತು ಅನ್ನುವಾಗಿನದು. ನಾನು ‘ಸಂಕಟ’ ಅಂದರೆ ಅವರಿಗೆ ಬರೀ ದುಃಖ ಅಂತ ಕೇಳಿಸುತ್ತಿತ್ತು. ನಮ್ಮ ಸಂಕಟ ಹೊಟ್ಟೆಯೊಳಗೆ ಕಿವುಚುವಂಥದ್ದು, ಅಲ್ವಾ? ಮಲಯಾಳದಲ್ಲಿ ನಾನು ಲೋನ್ ಬಗ್ಗೆ, ಕೆವೈಸಿ ಬಗ್ಗೆ ಚೆನ್ನಾಗಿ ಮಾತಾಡಬಲ್ಲೆ. ಅಮ್ಮನ ಸಾವನ್ನೂ ಹಾಗೇ ಹೇಳಿಬಿಟ್ಟೆ. ತಾರೀಖು, ಸಮಯ, ಕಾರಣ. ಒಂದು ಹನಿ ಕಣ್ಣೀರು ಬರಲಿಲ್ಲ.

ಆಮೇಲೆ ಎರಡು ತಿಂಗಳು ಹುಡುಕಿ ಕುಂಬಳೆ ಕಡೆಯ ಕೌನ್ಸೆಲರ್ ಒಬ್ಬರನ್ನು ಕಂಡೆ. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಮೊದಲ ದಿನವೇ ಕೆಲವು ವಿಷಯ ಸ್ಪಷ್ಟ ಮಾಡಿದರು. ನಾನು ಹೇಳಿದ್ದು ಆ ಕೋಣೆ ಬಿಟ್ಟು ಹೋಗುವುದಿಲ್ಲ, ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಕಂಡರೆ ಮಾತ್ರ ಬೇರೆ. ಔಷಧಿ ಕೊಡುವುದು ಮನೋವೈದ್ಯರ ಕೆಲಸ, ಅವರದ್ದಲ್ಲ, ಬೇಕು ಅನಿಸಿದರೆ ಅಲ್ಲಿಗೆ ಕಳಿಸುತ್ತಾರೆ. ಒಂದು ಸಲಕ್ಕೆ 50 ನಿಮಿಷ. ಇಷ್ಟು ಹೇಳಿ, "ಹೊತ್ತುಂಟು, ನಿಧಾನಕ್ಕೆ ಹೇಳಿ" ಅಂದರು.

ಹೊತ್ತುಂಟು. ಹಿಂದಿನ ನಾಲ್ಕು ವರ್ಷದಲ್ಲಿ ನನಗೆ ಯಾರೂ ಹೇಳದ ಮಾತು ಅದು.

ಆದರೂ ಮೊದಲ ಎರಡು ಸಲ ನಾನು ಏನೂ ಹೇಳಲಿಲ್ಲ. ಮೂರನೇ ಸಲ ಅವರು ದಪ್ಪ ಹಾಳೆ, ಪೆನ್ಸಿಲ್, ಎಣ್ಣೆ ಬಣ್ಣದ ಕಡ್ಡಿಗಳನ್ನು ಮೇಜಿನ ಮೇಲಿಟ್ಟು, ನೀವು ಹುಟ್ಟಿ ಬೆಳೆದ ಮನೆ ಬಿಡಿಸಿ ಅಂದರು. ನನಗೆ ಚಿತ್ರ ಬರಲ್ಲ ಅಂದೆ. ಬರಬೇಕಾಗಿಲ್ಲ ಅಂದರು. ಪೆನ್ಸಿಲ್ ತಗೊಂಡು ಮನೆಯ ಪ್ಲ್ಯಾನ್ ಎಳೆಯತೊಡಗಿದೆ. ಜಗಲಿ, ನಡುಮನೆ, ದೇವರ ಮೂಲೆ, ಅಡುಗೆಮನೆ, ಹಿತ್ತಿಲ ಬಾಗಿಲು, ಬಚ್ಚಲು. ಬಚ್ಚಲ ಒಲೆ, ಅದರ ಮೇಲೆ ಹಂಡೆ. ಅಲ್ಲಿಗೆ ಬಂದಾಗ ಕೈ ತಾನಾಗಿ ಪೆನ್ಸಿಲ್ ಬಿಟ್ಟು ಕೆಂಪು ಕಡ್ಡಿ ತಗೊಂಡಿತು. ಬೆಂಕಿ ಬಿಡಿಸಿದೆ. ಬೆಂಕಿ ಮುಂದೆ ತೆಂಗಿನ ಮಟ್ಟೆ ತಳ್ಳುತ್ತಾ ಕೂತ ಅಮ್ಮನನ್ನು ಬಿಡಿಸಿದೆ. ಬೆನ್ನು ಈ ಕಡೆ, ಮುಖ ಒಲೆಯ ಕಡೆ.

ಅವರು ಅದನ್ನು ತುಂಬಾ ಹೊತ್ತು ನೋಡಿದರು. ಇದರರ್ಥ ಇದು ಅಂತ ಹೇಳಲಿಲ್ಲ. "ಅಮ್ಮ ಆ ಕಡೆ ತಿರುಗಿ ಕೂತಿದ್ದಾರಲ್ಲ?" ಅಂತಷ್ಟೇ ಕೇಳಿದರು. ಮುಖ ಬಿಡಿಸೋಕೆ ಬರಲ್ಲ ಅಂದೆ. ಸುಮ್ಮನಾದರು. ಹೊರಗೆ ಆಟೋ ಒಂದು ಹಾರ್ನ್ ಮಾಡಿ ಹೋಯಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಆಮೇಲೆ ನನ್ನ ಬಾಯಿಂದ ಆ ಮೂರನೇ ಮಾತು ಬಂತು. ನೆಟ್‌ವರ್ಕ್ ಪೂರ್ತಿ ಹೋಗಿರಲಿಲ್ಲ. ಫೋನ್ ಕಟ್ ಮಾಡಿದ್ದು ನಾನೇ. ನೋಡಲು ಆಗಲಿಲ್ಲ, ಕಟ್ ಮಾಡಿದೆ. ತಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಗೆ ಅವತ್ತು ರಾತ್ರಿ ಹೇಳಿದೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಆಮೇಲೆ ಅವರನ್ನು ಕೇಳಿದೆ, ನಾನೂ ಒಂದಷ್ಟು ಓದಿದೆ. 1940ರ ಆಸುಪಾಸು ಏಡ್ರಿಯನ್ ಹಿಲ್ ಅನ್ನುವ ಇಂಗ್ಲೆಂಡಿನ ಚಿತ್ರಕಾರ ಕ್ಷಯ ಬಂದು ಸ್ಯಾನಟೋರಿಯಂ ಸೇರಿದರಂತೆ. ಮಲಗಿದಲ್ಲೇ ಚಿತ್ರ ಬರೆದು ತಮ್ಮ ಬೇಗುದಿ ಕಡಿಮೆಯಾದದ್ದು ಕಂಡು, ಬೇರೆ ರೋಗಿಗಳ ಕೈಗೂ ಬಣ್ಣ ಕೊಟ್ಟರು. 1942ರಲ್ಲಿ ಅದಕ್ಕೆ ಆರ್ಟ್ ಥೆರಪಿ ಅಂತ ಹೆಸರಿಟ್ಟವರೂ ಅವರೇ. ಬರೆಯುವುದರ ಬಗ್ಗೆ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟಿನ ಬಗ್ಗೆ ಬರೆದರು. ಬರೆದ ಹೊತ್ತಿಗೆ ಮನಸ್ಸು ಇನ್ನಷ್ಟು ಕೆಟ್ಟಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯಿತು. ನನಗೂ ಹಾಗೆ ಬರೆಯಲು ಹೇಳಿದರು, ಕಾಗುಣಿತ ನೋಡಬೇಡಿ ಅಂದರು. ಮೊದಲ ಎರಡು ದಿನ ನಿಜವಾಗಿಯೂ ಕೆಟ್ಟದಾಗಿದ್ದವು.

ಓದಿದ್ದರಲ್ಲಿ ತುಂಬಾ ತಟ್ಟಿದ್ದು ಬರ್ತಾ ಪಾಪೆನ್‌ಹೈಮ್ ಕತೆ. 1880ರ ಹೊತ್ತಿಗೆ ವಿಯೆನ್ನಾದ ಈ ಹುಡುಗಿ ಕಾಯಿಲೆ ಬಿದ್ದ ಅಪ್ಪನ ಆರೈಕೆ ಮಾಡುತ್ತಾ ತಾನೇ ಕುಸಿದಳು. ಒಂದು ಹಂತದಲ್ಲಿ ಮನೆಮಾತಾದ ಜರ್ಮನ್ ಬಾಯಿಗೇ ಬರುತ್ತಿರಲಿಲ್ಲ, ಬರೀ ಇಂಗ್ಲಿಷ್. ಡಾಕ್ಟರ್ ಬ್ರಾಯರ್ ದಿನಾ ಕೂತು ಕೇಳಿಸಿಕೊಂಡರು. ಅದಕ್ಕೆ ‘ಟಾಕಿಂಗ್ ಕ್ಯೂರ್’ ಅಂತ ಹೆಸರಿಟ್ಟವಳು ಅವಳೇ, ಒಲೆಯ ಹೊಗೆಗೂಡು ಗುಡಿಸಿದ ಹಾಗೆ ಅಂತಲೂ ಅಂದಳು. ಅಷ್ಟಕ್ಕೇ ಅವಳು ಪೂರ್ತಿ ಗುಣವಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಆದರೆ ಮುಂದೆ ಹೆಣ್ಣುಮಕ್ಕಳಿಗಾಗಿ ದುಡಿದ ದೊಡ್ಡ ಹೆಸರಾದಳು. ಮನೆಮಾತು ಹೊರಡದೆ ಬೇರೆ ನುಡಿಯಲ್ಲಿ ನೋವು ಹೇಳಿದವಳು ಅವಳು. ಮನೆಮಾತು ಸಿಗುವ ತನಕ ಬಾಯಿ ಬಿಡದವನು ನಾನು.

ಇನ್ನೊಂದು ದಿನ ಎದುರಿಗೆ ಖಾಲಿ ಕುರ್ಚಿ ಇಟ್ಟರು. ಅಮ್ಮ ಅಲ್ಲಿ ಕೂತಿದ್ದಾರೆ ಅಂದುಕೊಂಡು ಮಾತಾಡಿ, ಆಮೇಲೆ ನೀವೇ ಅಲ್ಲಿ ಹೋಗಿ ಕೂತು ಅಮ್ಮನಾಗಿ ಉತ್ತರ ಕೊಡಿ ಅಂದರು. ನನಗೆ ಮುಜುಗರ. ಆಗ ಅವರು, "ತಾಳಮದ್ದಳೆ ನೋಡಿದ್ದೀರಲ್ವಾ?" ಅಂದರು. ನೋಡಿದ್ದೇನೆ, ಇಲ್ಲಿಗೆ ಬಂದ ಮೇಲೆ ಅದರ ಹುಚ್ಚೇ ಹಿಡಿದಿದೆ. ವೇಷ ಇಲ್ಲ, ಬಣ್ಣ ಇಲ್ಲ. ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತವರು ಕರ್ಣನೇ ಆಗಿಬಿಡುತ್ತಾರೆ. ಭಾಗವತರ ಪದ ಮುಗಿದದ್ದೇ ತಡ, ಯಾರೂ ಬರೆದುಕೊಡದ ಮಾತು ಬಾಯಿಗೆ ಬರುತ್ತೆ. ವಿಯೆನ್ನಾದಲ್ಲಿ 1921ರಲ್ಲಿ ಮೊರೆನೊ ಅನ್ನುವವರು ಬರೆದಿಟ್ಟ ಮಾತಿಲ್ಲದ ನಾಟಕ ಶುರುಮಾಡಿ, ಅದರಿಂದಲೇ ಸೈಕೋಡ್ರಾಮಾ, ಅಂದರೆ ಮನಸ್ಸಿನ ನೋವನ್ನು ಅಭಿನಯಿಸಿ ಹೊರಹಾಕುವ ಚಿಕಿತ್ಸೆ, ಬೆಳೆಸಿದರಂತೆ. ನನಗೆ ಧೈರ್ಯ ಕೊಟ್ಟದ್ದು ಮಾತ್ರ ತಾಳಮದ್ದಳೆ. ಆ ಕುರ್ಚಿಯಲ್ಲಿ ಕೂತು ಅಮ್ಮನಾಗಿ ಮಾತಾಡಿದೆ. ಏನು ಹೇಳಿದೆ ಅನ್ನುವುದು ನನ್ನಲ್ಲೇ ಇರಲಿ.

ಇಲ್ಲಿನವರಿಗೆ ಇದು ಸುಲಭ ಯಾಕೆ ಅನ್ನುವುದಕ್ಕೆ ನನ್ನದೊಂದು ಅನಿಸಿಕೆ ಇದೆ. ನಮ್ಮ ಭೂತಕೋಲದ ಹಾಗೆ ಇಲ್ಲಿ ದೈವ ಕಟ್ಟಿ ಕುಣಿಯುವ ತೆಯ್ಯಂ ಮುಗಿಯುವ ಹೊತ್ತಿಗೆ ಜನ ಸಾಲಾಗಿ ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ದೈವ ಕೈ ಹಿಡಿದುಕೊಂಡು ಕೇಳುತ್ತೆ. ಸುತ್ತ ನಿಂತ ನೂರು ಜನರೂ ನೋಡುತ್ತಿರುತ್ತಾರೆ, ಯಾರೂ ಅದನ್ನು ಮಾನ ಹೋಯಿತು ಅಂದುಕೊಳ್ಳುವುದಿಲ್ಲ. ಮನೆಯ ಕಷ್ಟವನ್ನು ಮನೆಯಾಚೆ ಒಬ್ಬರಿಗೆ ಹೇಳುವ ರೂಢಿ ಇಲ್ಲಿ ತಲೆತಲಾಂತರದಿಂದ ಇದೆ. ನಮ್ಮ ಬಯಲುಸೀಮೆಯಲ್ಲಿ ಮನೆ ಬಾಗಿಲು ಹಾಕಿ ಅಳಬೇಕು. ಬಾಗಿಲು ಹಾಕಿದ ಮೇಲೂ ಅಳಬಾರದು, ಗಂಡಸಾದರೆ.

ಹೀಗೆ ಬರೆಯುತ್ತಾ ಹೋದರೆ ನನ್ನ ಊರಿಗೆ ನಾನು ಅನ್ಯಾಯ ಮಾಡಿದ ಹಾಗಾಗುತ್ತೆ ಅಂತ ಹೆಂಡತಿ ಹೇಳಿದಳು. ಒಪ್ಪಲು ಮನಸ್ಸಿಲ್ಲ, ಆದರೂ ಕೆಲವು ಮಾತು ಹೇಳಲೇಬೇಕು. ಕೇರಳದಲ್ಲಿ ಎಲ್ಲರೂ ಆ ಚೇಚಿಯ ಹಾಗಿಲ್ಲ. 2022ರ ಲೆಕ್ಕದಲ್ಲಿ ಇಲ್ಲಿನ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 28.5, ದೇಶದ್ದು 12.4. ಇಷ್ಟು ಮಾತಾಡುವ ಜನರ ನಡುವೆಯೂ ಮಾತು ಸಿಗದೆ ಹೋದವರು ಅಷ್ಟಿದ್ದಾರೆ. ಕನ್ನಡ ಬಲ್ಲ ಕೌನ್ಸೆಲರ್ ಸಿಗಲು ನನಗೇ ಎರಡು ತಿಂಗಳು ಬೇಕಾಯಿತು, ಇನ್ನು ಇಲ್ಲಿನ ಕನ್ನಡ ಶಾಲೆಯ ಮಗುವೊಂದು ಯಾರ ಹತ್ತಿರ ಹೋಗಬೇಕು? ಆ ಮಕ್ಕಳಿಗೆ ಅವರ ಮಾತು ಬಲ್ಲವರನ್ನೇ ಕೊಡಬೇಕು, ಇದನ್ನು ನಾವು ಕೇಳಲೇಬೇಕು. ಇನ್ನು ನಮ್ಮ ಕಡೆ ನೋಡಿದರೆ ಮನಸ್ಸಿನ ಕಾಯಿಲೆಯ ದೊಡ್ಡ ಆಸ್ಪತ್ರೆ ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ಮನಸ್ಸಿನ ಕಾಯಿಲೆಗೆ ಹಳ್ಳಿ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ಅವರು ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಅದೇ ಮಾದರಿ ಆಮೇಲೆ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. 2022ರಲ್ಲಿ ಶುರುವಾದ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಿಕ್ಕಪ್ಪನ ಫೋನಿನಲ್ಲಿ ಆ ನಂಬರ್ ಹಾಕಿಕೊಟ್ಟು ಬಂದಿದ್ದೇನೆ.

ಮತ್ತೆ ಅಜ್ಜಿ. ರಾಗಿಕಲ್ಲಿನ ಮುಂದೆ ಕೂತು ಬೀಸುವ ಪದ ಹೇಳುತ್ತಾ ಅಳುತ್ತಿದ್ದಳು. ತವರಿನ ಪದ ಬಂದಾಗ ದನಿ ಒಡೆಯುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಅದೂ ಇದೇ ಅಲ್ವಾ? ಕಲ್ಲು ಹೋಯಿತು, ಗಿರಣಿ ಬಂತು, ಪದ ಹೋಯಿತು. ಆ ಜಾಗಕ್ಕೆ ಏನೂ ಬರಲಿಲ್ಲ.

ಊರಿಂದ ವಾಪಸ್ ಬಂದ ವಾರ ಚಿಕ್ಕಪ್ಪನ ಮಾತನ್ನು ಕೌನ್ಸೆಲರ್ ಹತ್ತಿರ ಹೇಳಿದೆ. ಕೋಪದಲ್ಲೇ ಹೇಳಿದೆ. ನಮ್ಮಲ್ಲಿ ಎಲ್ಲದಕ್ಕೂ ‘ಹೋಗ್ಲಿ ಬಿಡು’, ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು ಅಂದೆ. ಅಮ್ಮ ಯಾವಾಗ ಅನ್ನುತ್ತಿದ್ದರು ಅಂತ ಕೇಳಿದರು. ಆಟದಲ್ಲಿ ಏಟು ತಿಂದು ಬಂದಾಗ, ಪರೀಕ್ಷೆಯಲ್ಲಿ ಕಡಿಮೆ ನಂಬರ್ ಬಂದಾಗ. ಬಚ್ಚಲ ಒಲೆ ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಾ, ಹೋಗ್ಲಿ ಬಿಡು, ಹೋಗ್ಲಿ ಬಿಡು ಅನ್ನುತ್ತಿದ್ದಳು. ನೀರು ಕಾಯುವ ತನಕ ಕೈ ತಲೆ ಮೇಲೇ ಇರುತ್ತಿತ್ತು. ಇದನ್ನು ಹೇಳುವಾಗಲೇ ನನಗೆ ಹೊಳೆದದ್ದು, ಫೋನಿನಲ್ಲಿ ಬಂದ ‘ಹೋಗ್ಲಿ ಬಿಡು’ವಿನ ಜೊತೆ ಆ ಕೈ ಬಂದಿರಲಿಲ್ಲ. ಅವತ್ತು ನಾನು ಊರಲ್ಲೇ ಇದ್ದಿದ್ದರೆ ಚಿಕ್ಕಪ್ಪ ಪಕ್ಕದಲ್ಲಿ ಕೂತಿರುತ್ತಿದ್ದರು. ರಾತ್ರಿಯೆಲ್ಲಾ ಕೂತಿರುತ್ತಿದ್ದರು.

"ಯಾವ ಎಣ್ಣೆ?" ಅಂತ ಕೇಳಿದರು.

ಹರಳೆಣ್ಣೆ ಅಂದೆ.

"ಅದರ ವಾಸನೆ ನೆನಪುಂಟಾ?"

ಗಡಿಯಾರ ನೋಡಿದೆ. ಇನ್ನೂ ಹತ್ತು ನಿಮಿಷ ಇತ್ತು.