ಸತ್ಯಾಂಶ: ಪುಡಿ ಸುರಿದು ಗುಂಡಿ ಒತ್ತಿದರೆ ಲೋಹದ ಬಿಡಿಭಾಗ ಸಿದ್ಧವೇ?

ಲೋಹದ ಪುಡಿ ಹಾಕಿದರೆ ನಿಮಿಷಗಳಲ್ಲಿ ಹೊಳೆಯುವ ಬಿಡಿಭಾಗ ಕೈಗೆ ಬರುತ್ತದೆ, ಇನ್ನು ಲೇತ್ ಬೇಡ ಎನ್ನುವ ವಿಡಿಯೊ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಲೋಹದ 3ಡಿ ಪ್ರಿಂಟರ್ ಎನ್ನುವ ಈ ಯಂತ್ರ ಇರುವುದು ನಿಜ, ಆ ವೇಗ ನಿಜವಲ್ಲ.

ಇಂಥ ಲೇಸರ್ ಯಂತ್ರದಲ್ಲಿ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಕಣಗಳ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದಷ್ಟು ಜಾಗವನ್ನು ಮಾತ್ರ ಲೇಸರ್‌ನಿಂದ ಕರಗಿಸಿ, ಹೀಗೆ ಪದರದ ಮೇಲೆ ಪದರ ಕಟ್ಟುತ್ತಾರೆ. ಲೆಕ್ಕ ನೀವೇ ಹಾಕಿ ನೋಡಿ: ಪದರ 40 ಮೈಕ್ರಾನ್, ಭಾಗದ ಎತ್ತರ 100 ಮಿಲಿಮೀಟರ್ ಎಂದರೆ 2,500 ಪದರ. ಪುಡಿ ಹರಡಲು ಪದರಕ್ಕೆ 10 ಸೆಕೆಂಡ್ ಹಿಡಿದರೂ ಅದಕ್ಕೇ ಸುಮಾರು 7 ಗಂಟೆ. ಲೇಸರ್ ಓಡುವ ಸಮಯ ಬೇರೆ.

ಮುದ್ರಣ ಮುಗಿದ ಮೇಲೂ ಭಾಗ ಕೆಳಗಿನ ದಪ್ಪ ತಟ್ಟೆಗೆ ಬೆಸೆದುಕೊಂಡೇ ಇರುತ್ತದೆ. ಕರಗಿ ತಣಿದ ಲೋಹದೊಳಗೆ ಎಳೆತ ಉಳಿದಿರುತ್ತದೆ. ಅವಸರಪಟ್ಟು ಕತ್ತರಿಸಿದರೆ ತುದಿಗಳು ಮೇಲಕ್ಕೆ ಬಾಗುತ್ತವೆ. ಹಾಗಾಗಿ ಮೊದಲು ಎಳೆತ ತಗ್ಗಿಸಲು ಕುಲುಮೆಯಲ್ಲಿ ಕಾಯಿಸುವುದು (ಟೈಟಾನಿಯಂ ಆದರೆ ಆರ್ಗಾನ್ ಅನಿಲ ಅಥವಾ ನಿರ್ವಾತದಲ್ಲಿ), ಆಮೇಲೆ ವೈರ್‌ಕಟ್ (ವಿದ್ಯುತ್ ಕಿಡಿಯ ತಂತಿಯಿಂದ ತಟ್ಟೆಯಿಂದ ಕತ್ತರಿಸುವುದು), ಕೊನೆಗೆ ಮುದ್ರಣದ ವೇಳೆ ಭಾಗವನ್ನು ಹಿಡಿದಿದ್ದ ಆಧಾರದ ಕಂಬಿಗಳನ್ನು ಕಿತ್ತು ಸವರುವ ಕೆಲಸ. ಮೇಲ್ಮೈ ಉಪ್ಪುಕಾಗದದಂತೆ ತರಿತರಿಯಾಗಿರುತ್ತದೆ. ಬೇರಿಂಗ್ ಕೂರುವ ರಂಧ್ರಕ್ಕೆ, ನಿಖರವಾದ ತಿರುಪಿನ ಸುತ್ತುಗಳಿಗೆ (ಥ್ರೆಡ್) ಮತ್ತೆ ಲೇತ್, ಮಿಲ್ಲಿಂಗ್ ಯಂತ್ರಗಳೇ ಬೇಕು.

ಇಂಥ ವಿಡಿಯೊ ಬಂದರೆ ಮೂರು ಕಡೆ ಕಣ್ಣಿಡಿ. ಪುಡಿ ಹರಡುವ ಪಟ್ಟಿ ಅಸಹಜ ವೇಗದಲ್ಲಿ ಓಡುತ್ತಿದೆಯೇ? ತಟ್ಟೆಯಿಂದ ಬಿಡಿಸುವುದನ್ನು ತೋರಿಸಿದ್ದಾರೆಯೇ? ಮಿರಮಿರ ಮಿಂಚುವ ಭಾಗ ಬೇರೊಂದು ದೃಶ್ಯದಿಂದ ಅಂಟಿಸಿದ್ದೇ? ಒಂದು ಸ್ಕ್ರೀನ್‌ಶಾಟ್ ತೆಗೆದು ಚಿತ್ರದ ಮೂಲಕ ಹುಡುಕಿದರೆ ಎಷ್ಟೋ ಸಲ ಕತ್ತರಿಸದ ಮೂಲ ವಿಡಿಯೊ ಸಿಗುತ್ತದೆ. ಅದರಲ್ಲಿ ಕುಲುಮೆಯೂ ಇರಬಹುದು, ಲೇತೂ ಇರಬಹುದು.